ಹೊಟ್ಟೆಸೀಳು

ಶುಕ್ರವಾರ ಸಂಜೆ ಐದೂ ಇಪ್ಪತ್ತಕ್ಕ ಬಂತು
ದರ್ಗಾ ಜೈಲಿನ ಕಾನೂನು ವಿಭಾಗಕ್ಕ
ಬಿಡುಗಡೆ ಆದೇಶ, ಇಂಡಿ ಕೋರ್ಟಿನ ದುಂಡು ಸೀಲು.
ಗೇಟಿನ ಹೊರಗ ಜಾಮೀನು ನಿಂತ ಮಾವ
ಬೀಡಿ ಹಚ್ಚಿದ್ದ.

ವಾರಂಟಿನೊಳಗ ನದಾಫ.
ಆದೇಶದೊಳಗ ನದಾಪ.
ಒಂದು ಹೊಟ್ಟೆಸೀಳು ಕಮ್ಮಿ.

ಇಮಾಮಸಾಬ, ಇದರಾಗ ಯಾವುದು ನೀನು?
ಅರಳಿ ಹಿಂಜಿದ ಬೆರಳು ನೋಡಿಕೋತ ಅಂದ:
'ಅವ್ವ ಕರಿಯೂದು ಇಮಾಮ್ಯಾ, ಅಷ್ಟ.'

ನನ್ನ ಪೆನ್ನಿನ ತುದಿಗಿತ್ತು ಆ ಗೀಟು.
ಎಳದರ ಅಂವ ಹೊರಗ,
ನಾ ಒಳಗ.

ತಿದ್ದುಪಡಿ ಕೋರಿ ಪತ್ರ ಬರದೆ.
ನಾಳೆ ಎರಡನೇ ಶನಿವಾರ, ನಾಡದು ರವಿವಾರ,
ಸೋಮವಾರ ಬಕ್ರೀದ್.
ಶಾಲ್ಯಾಗ ಮಾಸ್ತರು ಆ ಗೀಟಿಗೆ
ಮಹಾಪ್ರಾಣ ಅಂತಿದ್ರು.

ಅಂವ ಕಟ್ಟಿದ್ದ ಗಂಟು ಬಿಚ್ಚಲಿಲ್ಲ.
ನಾಕು ರಾತ್ರಿ
ಅದನ್ನ ತಲಿದಿಂಬು ಮಾಡಿಕೊಂಡ.