ಎಡದಿಂದ ಬಲಕ್ಕೆ, ಹದಿನೇಳು

ಕೈ ಎತ್ತಿದರೆ ಮಾತ್ರ ಇಲ್ಲಿ ರೈಲು ನಿಲ್ಲುತ್ತದೆ.
ಇಳಿಯುವವರು ಮೊದಲೇ ಗಾರ್ಡಿಗೆ ಹೇಳಿರಬೇಕು.
ಹೇಳಿದೆ, ಕಿನ್‌ಬ್ರೇಸ್ ಅಂತ,
ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವಳ ಹಾಗೆ.
ಟಿಕೆಟಿಗೆ ತೂತು ಹಾಕುತ್ತ ಆತ ನೋಡಿದ
ನನ್ನನ್ನ, ಪಕ್ಕದ ಖಾಲಿ ಸೀಟನ್ನ:
'ಒಬ್ಬರೇನಾ?'

ಲೆಸ್ಟರಿನಿಂದ ಹೊರಡುವಾಗಲೂ ಇದೇ.
ತಂಗಿ ಮಗಳು ಅನಸೂಯೆ ಬುತ್ತಿ ಕಟ್ಟುತ್ತ,
'ದೊಡ್ಡಮ್ಮ, ಅಲ್ಲಿ ಏನೂ ಇಲ್ವಂತೆ.
ಜೌಗು, ಗಾಳಿ, ಜಿಂಕೆ. ಒಬ್ಬಳೇ ಹೋಗಿ ಏನು ಮಾಡ್ತೀಯ?'
ಏನೂ ಇಲ್ಲದ್ದನ್ನ ನೋಡಿ ಬರ್ತೀನಿ, ಅಂದೆ.
ತಮಾಷೆಗೆ ಅಂದದ್ದು. ಅವಳು ನಗಲಿಲ್ಲ;
ಚಟ್ನಿಪುಡಿ ಎರಡು ಚಮಚ ಜಾಸ್ತಿ ಹಾಕಿದಳು.

ಇಪ್ಪತ್ತಾರು ವರ್ಷದಿಂದ ವಾರಕ್ಕೊಂದು ಪದಬಂಧ ಹೆಣೆಯುತ್ತೇನೆ
ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ.
ಕಪ್ಪು ಮನೆ, ಬಿಳಿ ಮನೆ,
ಬುಧವಾರದೊಳಗೆ ಸಂಪಾದಕ ಹಾಲಪ್ಪನವರ ಮೇಜಿಗೆ.
ಕುಕ್ಕರಿನ ಮೂರನೆಯ ಸೀಟಿಗೂ ನಾಲ್ಕನೆಯದಕ್ಕೂ ನಡುವೆ
ಹುಟ್ಟಿದ ಸುಳಿವುಗಳು, ಎಲ್ಲ ಏಳು ತಿಂಗಳ ಕೂಸುಗಳು,
ಹೇಗೋ ಬದುಕಿಕೊಂಡವು.
ಇದೊಂದು ಮಾತ್ರ ಎರಡು ತಿಂಗಳಾದರೂ ಹುಟ್ಟಲೊಲ್ಲದು:
ಹದಿನೇಳು, ಎಡದಿಂದ ಬಲಕ್ಕೆ, ಎರಡಕ್ಷರ.
ಉತ್ತರ ಗೊತ್ತು. ಒಂಟಿ.
ಪ್ರಶ್ನೆ ಗೊತ್ತಿಲ್ಲ.

'ಜೊತೆ ಇಲ್ಲದವನು' ಎಂದು ಬರೆದು ಹೊಡೆದೆ.
'ಪಾಪ!' ಎಂದಷ್ಟೇ ಬರೆದು
ಅದನ್ನೂ ಹೊಡೆದೆ, ಕಾಗದ ಹರಿಯುವ ಹಾಗೆ.

ಊರೆಂದರೆ ಹತ್ತು ಹನ್ನೆರಡು ಮನೆ.
ಫೋನಿಲ್ಲದ ಕೆಂಪು ಫೋನ್ ಗೂಡಿನೊಳಗೆ
ಯಾರೋ ಟೊಮೇಟೊ ಸಸಿ ಇಟ್ಟಿದ್ದಾರೆ.
ಹೋಗಿ ನೋಡಿ, ವಾಪಸು ಬಂದು ಬೆಂಚಿನ ಮೇಲೆ ಕೂತೆ.
ಹಳಿಯಾಚೆ ಕಂದು ಬಯಲು, ಆಕಾಶ ಮುಟ್ಟುವ ತನಕ.
ಮೊದಲ ಗಂಟೆ ತಲೆಯೊಳಗೆ ಸಂತೆ:
ಗ್ಯಾಸ್ ಬಂದ್ ಮಾಡಿದೆನೆ, ವಿಮೆಯ ಕಂತು,
ಮದುವೆಮನೆಯಲ್ಲಿ ಯಾರೋ ಅಂದ ಮಾತಿಗೆ
ಆಗ ಕೊಡದೆ ಬಂದ ಉತ್ತರ, ಈಗ ನಾಲ್ಕು ಥರದಲ್ಲಿ.
ಕೊಳ್ಳುವವರಿಲ್ಲದೆ ಒಂದೊಂದೇ ಅಂಗಡಿ ಮುಚ್ಚಿತು.

ಬುತ್ತಿ ಬಿಚ್ಚಿದೆ. ಚಪಾತಿ ತಣ್ಣಗಿತ್ತು.
ಜೌಗಿನ ಹೊಂಡವೊಂದರೊಳಗೆ ಮೋಡ
ಬಂತು, ನಿಂತಿತು, ದಾಟಿತು.
ಹಿಡಿದಿಡಲು ನೀರು ಏನೂ ಮಾಡಲಿಲ್ಲ.
ನಾನೂ ಏನೂ ಮಾಡಲಿಲ್ಲ.
ಎಷ್ಟು ಹೊತ್ತೋ.
ಕೆಲಸವಿಲ್ಲದ ಕೈ ತೊಡೆಯ ಮೇಲೆ
ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

ಆಗ ನೆನಪಾದದ್ದು ಗಾರ್ಡಿನ ಕಿವಿ.
ಎಡಗಿವಿಗೆ ಒಂದೇ ಒಂದು ಚಿನ್ನದ ಸುತ್ತು,
'ಒಬ್ಬರೇನಾ' ಎಂದು ಬಾಗಿದಾಗ
ಕಿಟಕಿಯ ಬಿಸಿಲಿಗೆ ಮಿಂಚಿದ್ದು.
ನಮ್ಮಜ್ಜನಿಗೂ ಅಂಥದ್ದಿತ್ತು.
ಅಡವಿಟ್ಟು, ಬಿಡಿಸಿ, ಮತ್ತೆ ಅಡವಿಟ್ಟು,
ಕೊನೆಗೂ ಬಿಡಿಸಿಕೊಂಡೇ ಸತ್ತ.
ಅದನ್ನ ನಾವು ಏನಂತ ಕರೀತಿದ್ವಿ,
ಏನಂತ,

ಪೆನ್ಸಿಲ್ ಎಲ್ಲಿ.
ಬೀಗದ ಕೈ, ಲವಂಗದ ಪೊಟ್ಟಣ, ಕನ್ನಡಕದ ಒರೆ,
ಚೀಲದ ತಳದಲ್ಲಿ, ಮೊನೆ ಮುರಿದದ್ದು.
ಟಿಕೆಟಿನ ಬೆನ್ನಿಗೆ, ತೂತನ್ನು ಬಳಸಿ ಬರೆದೆ:
'ಊರಲ್ಲಿ ಕಂಡರೆ ಕನಿಕರ, ಕಿವಿಯಲ್ಲಿ ಕಂಡರೆ ಬಂಗಾರ (೨)'

ತಲೆ ಎತ್ತಿದಾಗ ರೈಲು ಬಂದಿತ್ತು. ಬಂದು,
ಕೈ ಎತ್ತದ ಮುದುಕಿಯೊಬ್ಬಳನ್ನು ಕಂಡು
ಒಮ್ಮೆ ಕೂಗಿ, ಹೋಗುತ್ತಿತ್ತು.
ಕೈಯಲ್ಲಿ ಪೆನ್ಸಿಲ್ ಇತ್ತು, ಏನು ಮಾಡಲಿ.

ನಾಯಿ ಹಿಡಿದುಕೊಂಡು ಬಂದ ಹೆಂಗಸು
ಗೇಟಿನಾಚೆಯಿಂದಲೇ ಮರುಗಿದಳು:
'ಅಯ್ಯೋ, ತಪ್ಪಿಹೋಯಿತಾ? ಇನ್ನು ನಾಲ್ಕು ಗಂಟೆ ಬಿಟ್ಟೇ.'
ಚಹಾಕ್ಕೆ ಕರೆದಳು. ಆಮೇಲೆ ಬರುತ್ತೇನೆ, ಅಂದೆ.
ನಾಯಿ ನನ್ನ ಚಪ್ಪಲಿ ಮೂಸಿ, ಒಪ್ಪಿ, ಹೋಯಿತು.

ನಾಲ್ಕು ಗಂಟೆ!
ಗೆರೆ ಎಳೆಯಲು ಬುತ್ತಿ ಡಬ್ಬಿಯ ಅಂಚು ಸಾಕು.
ಮೇಲಿನಿಂದ ಕೆಳಕ್ಕೆ, ಒಂದು.