ಗೀರು ಇದ್ದ ಕಡೆ

ಮುಚ್ಚಳದ ಮ್ಯಾಲ ದಾಳಿಂಬರದ ಹಿಡಿಕಿ,
ಕಾಲು ನಾಕು, ನಾಕೂ ಯಾವುದೋ ಮೃಗದ ಪಂಜ,
ತಳದಾಗ ಓದಲಿಕ್ಕೆ ಬರಲಾರದ ಪರದೇಶದ ಮುದ್ರಿ.
ವಾಡಿ ಜಂಕ್ಷನ್ನಿನ ಸಾಹೇಬ ಊರು ಬಿಡೋ ಮುಂದ
ಬಂಗಲೆ ಸಾಮಾನು ಹರಾಜಿಗೆ ಬಂದು
ನಮ್ಮ ಮಾವ ಕುರ್ಚಿ ತರಲಿಕ್ಕೆ ಹೋದವರು
ಇವು ಐದು ಡೋಂಗಾ ಹೊತ್ತುಕೊಂಡು ಕಲಬುರಗಿಗೆ ಬಂದ್ರಂತ.
ಕುರ್ಚಿ ಇವತ್ತಿಗೂ ಇಲ್ಲ ನಮ್ಮ ಮನ್ಯಾಗ.
ಶಹಾಬಾದ ಫರ್ಸಿ ಮ್ಯಾಲೇ ಪಂಕ್ತಿ.

ಹುಳಿ ಹಾಕಬಾರದು ಅವುಗಳಾಗ.
ಪುಂಡಿಪಲ್ಯಕ್ಕ ಸ್ಟೀಲು, ಹುಣಸಿ ಸಾರಿಗೆ ಸ್ಟೀಲು,
ಗೋಧಿ ಹುಗ್ಗಿ ಮಾತ್ರ ಬೆಳ್ಳ್ಯಾಗ, ಬಿಳಿ ಅನ್ನ ಬೆಳ್ಳ್ಯಾಗ.
ತಿಕ್ಕಲಿಕ್ಕೆ ವಿಭೂತಿ ಪುಡಿ, ಒರಸಲಿಕ್ಕೆ ಹಳೇ ಧೋತರ,
ತಿಕ್ಕೋ ಕೈ ಅತ್ತಿದೇ, ಬ್ಯಾರೆಯವರದಲ್ಲ.
ಬಂದ ಹೊಸದಾಗ ಕೇಳಿದ್ದೆ,
ದೊಡ್ಡದರ ಹೊಟ್ಟಿ ಮ್ಯಾಲ ಈ ಗೀರು ಎಂಥದತ್ತಿ?
ಅತ್ತಿ ಜಗದೇವಿ ಧೋತರ ಝಾಡಿಸಿದಳು.
'ಬೆಕ್ಕು ಪರಚ್ಯಾದ.'
ಬೆಳ್ಳಿ ಪರಚೋ ಬೆಕ್ಕು!
ನಾ ನಗಲಿಲ್ಲ. ಹೊಸಬಳು.

ಮೂರನೇ ವರ್ಷ, ನನಗ ಏಳು ತಿಂಗಳು,
ಮೆಂತ್ಯ ಸೋಸಿಕೊಂತ ಕುಂತಾಗ ತಾನೇ ತೆಗೆದಳು ಮಾತು.
ಮಗಳ ಕಾಲೇಜಿನ ಫೀಜಿಗೆ
ಗಂಡಗ ಗೊತ್ತಿಲ್ಲದಂಗ, ಸೆರಗಿನಾಗ ಮುಚ್ಚಿ
ಸರಾಫ ಬಜಾರಕ್ಕ ಒಯ್ದಿದ್ದಳಂತ.
ಪೋತದಾರ ಮೋನಪ್ಪ ಚಷ್ಮಾ ಏರಿಸಿ
ಅರ ಹಚ್ಚಿ ಒಂದೇ ಎಳತ ಎಳೆದ.
ಕೆಂಪಗ ತಾಂಬ್ರ ನಾಲಿಗಿ ಚಾಚಿತು.
'ಬೆಳ್ಳಿ ನೀರು ಕುಡಿಸ್ಯಾರ್ರಿ ತಾಯಿ.'
ಅಷ್ಟಂದು, ಪಕ್ಕದ ಗಿರಾಕಿಗೆ ಕಾಣದಂಗ
ಗೀರಿನ ಮ್ಯಾಲ ಹೆಬ್ಬಟ್ಟು ಒತ್ತಿಕೊಂಡೇ
ವಾಪಸ್ ಕೊಟ್ಟ.
ಫೀಜಿಗೆ ಬಳೆ ಹೋದವು. ಅದು ಬ್ಯಾರೆ ಮಾತು.

ಮಾವಾರಿಗೆ ಹೇಳಿದ್ರೇನತ್ತಿ?
'ಎದಕ್ಕ ಹೇಳಲಿ?
ಅವರು ತಂದದ್ದು ಬೆಳ್ಳಿ.'

ಅವತ್ತಿನಿಂದ ಬೀಗರು ಬರಲಿ, ಜಂಗಮರು ಬರಲಿ,
ಡೋಂಗಾ ಇಡೋ ಮುಂದ
ಗೀರು ತನ್ನ ಕಡೆ, ಹೊಳಪು ಬಂದವರ ಕಡೆ.

ನನ್ನ ಮಗಳ ತೊಟ್ಟಿಲಿಗೆ ಮೋನಪ್ಪನೂ ಬಂದ,
ಕೂಸಿಗೆ ಉಡದಾರ ಮಾಡಿ ತಂದಿದ್ದ, ಅಚ್ಚ ಬೆಳ್ಳೀದು.
ಊಟಕ್ಕ ಕುಂತ ಮಾವನ ಮಗ್ಗಲಿಗೇ.
ಕೂಸು ಒಳಗ ಅಳತಿತ್ತು, ನಾ ಗಡಿಬಿಡಿಯಾಗ
ಹುಗ್ಗಿ ಡೋಂಗಾ ತಂದು ಇಟ್ಟುಬಿಟ್ಟೆ.
ಉಲ್ಟಾ.

ಅಡಿಗಿಮನಿ ಚೌಕಟ್ಟು ಹಿಡಿದು ಅತ್ತಿ ನಿಂತಿದ್ದಳು.
ಚೌಕಟ್ಟೂ ಉಸಿರು ಹಿಡಿದಂಗಿತ್ತು.
ಮಾವ ಎಂದಿನಂಗ ಸುರು ಮಾಡಿದ್ರು:
'ಅಚ್ಚ ಬೆಳ್ಳಿ, ಮೋನಪ್ಪ. ಸಾಹೇಬಂದು.
ನಿನ್ನ ಅಂಗಡ್ಯಾಗ ಸಿಗ್ತದೇನು ಹಿಂತಾದ್ದು?'

ಮೋನಪ್ಪ ಡೋಂಗಾ ಹತ್ರ ಎಳಕೊಂಡ.
ಹುಗ್ಗಿ ಬಡಿಸಿಕೊಂಡ, ಮ್ಯಾಲ ತುಪ್ಪ.
'ಹಿಂತಾದ್ದು ನನ್ನ ಕೈಲಿ ಆಗಲ್ರಿ ಯಜಮಾನ್ರ,'
ಅಂತ ಇನ್ನೊಂದು ಸೌಟು ಹಾಕಿಕೊಂಡ.
ಅವನ ಎಡಗೈ ಹೆಬ್ಬಟ್ಟು ಎಲ್ಲಿತ್ತು ಅಂತ
ನೋಡಿದವರು ನಾವಿಬ್ಬರೇ.

ಈಗ ಮಾವ ಇಲ್ಲ, ಮೋನಪ್ಪನೂ ಇಲ್ಲ.
ಅತ್ತಿಗೆ ಕಣ್ಣು ಮಂಜು; ತಿಕ್ಕೋ ಕೈ ನಂದು.
ತಿಕ್ಕಿ ತಿಕ್ಕಿ ಗೀರು ಅಗಲಾಗಿ
ರೂಪಾಯಿಯಷ್ಟಾಗ್ಯಾದ ತಾಂಬ್ರ,
ಒಂದು ಹೆಬ್ಬಟ್ಟಿಗೆ ಮುಚ್ಚಲ್ಲ.
'ಹೊಳಿತಾವಿಲ್ಲ?' ಅಂತಾಳ ಅತ್ತಿ, ಗ್ವಾಡಿ ಕಡೆ ಮಾರಿ ಮಾಡಿ.
ಹೊಳಿತಾವತ್ತಿ.

ಮಧ್ಯಾಹ್ನ ಎಂಟು ಮಂದಿ ಬರ್ತಾರ.
ಹುಗ್ಗಿ ಇನ್ನೂ ಒಲಿ ಮ್ಯಾಲೇ ಅದ.