ಒಂದು ಗೇಣು ದೂರ

ಇಪ್ಪತ್ತೆರಡು ವರ್ಷ ಮೈಕು ಮುಟ್ಟಿದವಳಲ್ಲ ಜಸಿಂತಾ ಲೋಬೋ.
ಭದ್ರಾವತಿಯ ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿನ ಹುಡುಗಿ,
ಜರ್ಮನಿಯ ಯಾವುದೋ ಊರಿನ ಒಪೆರಾದಲ್ಲಿ
ಅರವತ್ತು ಪಿಟೀಲುಗಳ ನೆತ್ತಿಯ ಮೇಲಿಂದ
ಬರಿಗಂಟಲನ್ನು ಕೊನೆಯ ಸಾಲಿಗೆ ಎಸೆದು ಬದುಕಿದವಳು.

ನಾನು ಬಿ.ಎಚ್. ರಸ್ತೆಯ ದಸ್ತಗೀರ್ ಸೌಂಡ್ಸ್.
ಅಬ್ಬಾ ಬಿಟ್ಟುಹೋದದ್ದು ಎರಡು ತಗಡಿನ ಹಾರನ್ನು, ಒಂದು ಮಾತು:
‘ಬೇಟಾ, ಮೈಕು ಸುಳ್ಳು ಹೇಳಲ್ಲ.
ಹೇಳಿದ ಸುಳ್ಳನ್ನು ದೊಡ್ಡದು ಮಾಡುತ್ತೆ, ಅಷ್ಟೆ.’

ಹಳೇ ಜೈಲಿನ ಮೈದಾನ. ಸಂಜೆ ನಾಲ್ಕು.
ಚರ್ಚ್ ಶಾಲೆಯ ಎಪ್ಪತ್ತೈದರ ಹಬ್ಬಕ್ಕೆ
ಮಯೂರ ಮೆಲೋಡೀಸ್ ಜೊತೆ ಅವಳ ಹಾಡು.
ಒಂದು ಕೀಬೋರ್ಡು, ಒಂದು ಗಿಟಾರು,
ಮದುವೆಮನೆಗಳಲ್ಲಿ ಪಳಗಿದ ತಿಪ್ಪೇಶನ ಕಾಂಗೋ.
ಟೆಸ್ಟಿಂಗಿಗೆಂದು ಬಾಯಿ ತೆರೆದಳು ನೋಡಿ,
ಮೀಟರಿನ ಹಸಿರೆಲ್ಲ ಕೆಂಪಾಗಿ
ಬಾಕ್ಸು ಕೆಮ್ಮಿ
ಜೈಲಿನ ಗೋಡೆಯ ಮೇಲೆ ಒಂದು ಪಾರಿವಾಳ ಉಳಿಯಲಿಲ್ಲ.

‘ಮೇಡಂ, ಒಂದು ಗೇಣು ದೂರ’ ಅಂದೆ.
ಪರರ ಕೂಸನ್ನು ಎತ್ತಿಕೊಂಡವಳ ಹಾಗೆ
ಮೈಕನ್ನು ಆ ಕೈಗೆ ಈ ಕೈಗೆ ಬದಲಿಸಿದಳು.
‘ಇದರಲ್ಲಿ ಪಿಸುಗುಟ್ಟಿದರೆ
ಆ ಕಡಲೇಕಾಯಿ ಗಾಡಿಯವನಿಗೂ ಕೇಳುತ್ತಾ?’
‘ಕೇಳುತ್ತೆ.’
‘ಅಲ್ಲಿ ನಾವು ಸಾಯುವಾಗಲೂ ಕೂಗಿಯೇ ಸಾಯಬೇಕು.
ಕ್ಷಯ ಬಂದವಳು, ಚೂರಿ ತಿಂದವಳು,
ಎಲ್ಲರೂ ಎದೆ ತುಂಬ ಉಸಿರೆಳೆದುಕೊಂಡೇ ಪ್ರಾಣ ಬಿಡಬೇಕು.’
ನಕ್ಕಳು. ಆ ನಗು ಮಾತ್ರ ಮೈಕಿಗೆ ಸರಿಯಾಗಿ ಹೊಂದಿತು.

ರಾತ್ರಿ ಮೊದಲು ಆ ದೇಶದ ಹಾಡು, ಮೈಕಿಲ್ಲದೆ.
ನಾನು ಕೈಕಟ್ಟಿ ಕೂತೆ, ಬಾಡಿಗೆ ತಗೊಂಡ ನಾಚಿಕೆಯಲ್ಲಿ.
ಪಾದ್ರಿಗಳು ಕಣ್ಣು ಮುಚ್ಚಿದರು. ಮುಂದಿನ ಸಾಲು ಚಪ್ಪಾಳೆ ತಟ್ಟಿತು.
ನನ್ನ ಪಕ್ಕದ ಅಜ್ಜಿ ಕೇಳಿದಳು, ‘ಪಾಪ, ಎಲ್ಲಿ ನೋವಂತೆ?’
ಅರ್ಥವಾದದ್ದು ಅವಳೊಬ್ಬಳಿಗೇ ಇರಬೇಕು.

ಆಮೇಲೆ ಸಿನಿಮಾ ಹಾಡು.
ಮನೆಬೆಕ್ಕಿನ ಬೆನ್ನಿಗೆ ಅಂಬಾರಿ ಕಟ್ಟಿದ ಹಾಗೆ ಹಾಡಿದಳು.
ಬಸ್ಸು ತಪ್ಪಿಸಿಕೊಂಡವನಂತೆ ಅವಳ ಹಿಂದೆ ತಾಳ ಹಿಡಿದು ಓಡಿದ ತಿಪ್ಪೇಶ.
ಗೋಡೆ ಹತ್ತಿ ಕೂತ ಹುಡುಗರು ಸಿಳ್ಳೆ ಹೊಡೆದು
ಅವಳಂತೆಯೇ ದನಿ ನಡುಗಿಸಿ ಅಣಕಿಸಿದರು.
ಆಗ ತಾಳಗುಪ್ಪದ ರೈಲು ದೂರದಲ್ಲಿ ಕೂಗಿತು.
ಅದು ಮುಗಿಸಲಿ ಎಂದು ನಿಂತಳು,
ಹಿರಿಯ ಗಾಯಕರಿಗೆ ದಾರಿ ಬಿಡುವ ಹಾಗೆ.

ಮುಂದಿನದು ಆಟೋದವರಿಗೆಲ್ಲ ಬಾಯಿಪಾಠವಾದ ಹಳೇ ಹಾಡು.
ಮೈಕನ್ನು ತುಟಿಗೆ ತಂದಳು. ಗೇಣು ಹೋಗಿ ಬೆರಳಗಲ ಉಳಿಯಿತು.
ದನಿ ಚಪ್ಪಲಿ ಕಳಚಿ ಒಳಗೆ ಬಂತು.
ಹುಡುಗರು ಸುಮ್ಮನಾದರೋ ಇಲ್ಲವೋ ನಾನು ನೋಡಲಿಲ್ಲ.
ಎರಡನೇ ಚರಣದಲ್ಲಿ ಸಾಲು ಮರೆತಳು.
ಮರೆತದ್ದನ್ನು ಮುಚ್ಚಲಿಲ್ಲ,
ಒಂದು ಉಸಿರು ತೆಗೆದುಕೊಂಡಳು.

ಉಸಿರು ಬಂದರೆ ಇಳಿಸುವುದು ನಮ್ಮ ಕಸುಬು.
ಅದು ಗಾಳಿ, ಕಸ, ಹಾಡಿನ ಬೆವರು.
ಆ ಹೊತ್ತು ನನ್ನ ಬೆರಳು ಫೇಡರನ್ನು ಮೇಲಕ್ಕೆ ತಳ್ಳಿತು.
ಆರು ದೊಡ್ಡ ಬಾಕ್ಸುಗಳು ಒಟ್ಟಿಗೆ ಉಸಿರೆಳೆದವು.
ಕೈದಿಗಳಿಲ್ಲದ ಗೋಡೆಗೆ ಆ ಉಸಿರು ತಾಗಿ
ನಮ್ಮೆಲ್ಲರ ಕತ್ತಿನ ಹಿಂದೆ ವಾಪಸು ಬಂತು.

ಸಾಲು ಎತ್ತಿಕೊಟ್ಟದ್ದು ಯಾರು?
ಕಡಲೇಕಾಯಿ ಗಾಡಿಯವನೇ ಇರಬೇಕು.
ಕತ್ತಲಿಂದ, ಅಪಶ್ರುತಿಯಲ್ಲಿ,
ಬರಿಗಂಟಲಲ್ಲಿ, ಕೊನೆಯ ಸಾಲಿನಿಂದ.
ಅವಳು ಅವನ ಶ್ರುತಿಗೇ ಇಳಿದು ಮುಂದುವರಿಸಿದಳು.

ಹನ್ನೊಂದಕ್ಕೆ ವೈರು ಸುತ್ತಿದೆವು.
ಮೈಕಿನ ಜಾಲರಿಗೆ ಕೆಂಪು ಹತ್ತಿತ್ತು, ಸ್ಪಿರಿಟ್ಟಿನಲ್ಲಿ ಒರೆಸಿದೆ.
ಒರೆಸಲೇಬೇಕು, ಬೆಳಗ್ಗೆ ಒಂಬತ್ತಕ್ಕೆ ಅದು
ಹಾಲು ಉತ್ಪಾದಕರ ಸಂಘದ ವಾರ್ಷಿಕ ಸಭೆಗೆ ಹೋಗಬೇಕು.
ಅಲ್ಲಿ ಸ್ಟ್ಯಾಂಡು ನಿಲ್ಲಿಸಿ, ತುಟಿ ಹತ್ತಿರ ತಂದು,
ಹಲೋ ಅಂದೆ.
ಕಾರ್ಯದರ್ಶಿ ಫೈಲಿನಿಂದ ತಲೆ ಎತ್ತದೆ,
‘ಏನ್ ಸಾಬ್ರೇ, ಮೈಯಲ್ಲಿ ಹುಷಾರಿಲ್ವಾ?
ಜೋರಾಗಿ ಅನ್ರೀ.’